ಕಾಫಿ ಕುಡಿಯದ ಪಿ.ಟಿ. ಮೇಷ್ಟ್ರು

ಯಲಹಂಕದ ಆಕಾಶದಲ್ಲಿ ಹಾರುತ್ತಿದ್ದ ಯುದ್ಧವಿಮಾನವನ್ನು ಜಾಲಹಳ್ಳಿಯ ಪಿ.ಟಿ. ಮೇಷ್ಟ್ರು ವೇಣುಗೋಪಾಲ್ ಬರಿಗಾಲಲ್ಲಿ ಓಡಿ ಹಿಂದೆ ಹಾಕಿದ್ದ. ನಾಚಿಕೆಯಿಂದ ಪೈಲಟ್ ಕೆಳಗಿಳಿದು ಬಂದು ಕೈ ಕುಲುಕಿದ್ದ.

ಅಂಥ ಮಹಾವೀರ ಈಗ ಹೆಬ್ಬಾಳದ ಆಸ್ಪತ್ರೆಯೊಂದರ ಸಿಟಿ ಸ್ಕ್ಯಾನ್ ಕೋಣೆಯಲ್ಲಿ ಅಂಗಾತ ಮಲಗಿದ್ದ. ಮಕ್ಕಳ ಜೊತೆ ಓಡುವಾಗ ಎದೆ ಹಿಡಿದುಕೊಂಡು ಕುಸಿದಿದ್ದ. ಇಸಿಜಿಯಲ್ಲಿ ಏನೂ ಸಿಕ್ಕಿರಲಿಲ್ಲ. ಹೃದಯಕ್ಕೆ ರಕ್ತ ಕೊಡುವ ನಾಳವೊಂದು ಹುಟ್ಟಿನಿಂದಲೇ ತಪ್ಪು ಜಾಗದಲ್ಲಿರಬಹುದು ಎಂಬುದು ಡಾಕ್ಟರ್ ನಿಶಾತ್ ಅವರ ಅನುಮಾನ. ಹಾಗಿದ್ದರೆ ಮುಂದಿನ ಓಟವೇ ಕೊನೆಯದಾಗಬಹುದು...

ಚಿತ್ರ ಸ್ಪಷ್ಟವಾಗಿ ಬರಲು ನಾಡಿ ಅರವತ್ತೈದರ ಕೆಳಗಿರಬೇಕು. ಅದಕ್ಕೇ ಮಾತ್ರೆ ಕೊಟ್ಟಿದ್ದರು. ಹಿಂದಿನ ದಿನದಿಂದ ಕಾಫಿ ಬಂದ್.

ಟೆಕ್ನಿಷಿಯನ್ ಶಾಂತಲಾ ಸೂಜಿ ಹಾಕಲು ಬಳಿಗೆ ಬಂದಳು. ಅರವತ್ತೆರಡಿದ್ದ ನಾಡಿ ತೊಂಬತ್ತೆಂಟಕ್ಕೆ ಜಿಗಿಯಿತು. ಮೆಷಿನ್ನೇ ಬೆಚ್ಚಿಬಿತ್ತು!

“ಕಾಫಿ ಕುಡಿದಿದ್ದೀರಾ?”

“ಇಲ್ಲ ಮೇಡಂ.”

“ಮುಂಚೆ ಯಾವತ್ತಾದ್ರೂ ಹಿಂಗೆ ಬಿದ್ದಿದ್ರಾ?”

“ನಾನಾ? ವಿಮಾನ ಸೋಲಿಸಿದವನು ಕಣ್ರೀ.”

ಇಷ್ಟು ದೊಡ್ಡ ಬುರುಡೆ ಬಿಡುವವನು ಒಂದು ಲೋಟ ಕಾಫಿ ಮುಚ್ಚಿಡಲಾರನೇ? ಅವನ ಹುಬ್ಬಿನ ಮೇಲೆ ಹಳೆಯ ಹೊಲಿಗೆಯ ಗುರುತು. ಬಿದ್ದೇ ಇಲ್ಲದವನಿಗೆ ಇದು ಹೇಗೆ ಬಂತು? ಅದನ್ನೂ ಡಾಕ್ಟರಿಗೆ ಬರೆದು ಕಳಿಸಿದಳು.

ಇನ್ನೊಂದು ಮಾತ್ರೆ, ಇನ್ನೊಂದು ಗಂಟೆ. ಅವಳು ಬಂದಳು, ಮತ್ತೆ ತೊಂಬತ್ತೆಂಟು. ಮಾತ್ರೆ ಉಗಿದನೇ? ಕಸದ ಬುಟ್ಟಿಯನ್ನೂ ಇಣುಕಿ ನೋಡಿದಳು.

ಅಟೆಂಡರ್ ಪಂಚಪ್ಪ ಗಂಗಾನಗರಕ್ಕೆ ಕೇಳಿಸುವಷ್ಟು ಜೋರಾಗಿ ನಕ್ಕ.

“ನೀವ್ ಆಚೆ ನಿಂತ್ರೆ ಅರವತ್ತೆರಡು, ಒಳೀಕ್ ಬಂದ್ರೆ ಇಂಗೆ. ಮೇಷ್ಟ್ರು ಕುಡ್ದಿರೋ ಕಾಫಿ ನೀವೇ ಕಣಮ್ಮ.”

ಶಾಂತಲಾಳ ಕಿವಿ ಬಿಸಿಯಾಯಿತು. ಎಲ್ಲ ಹುಡುಗಿಯರ ಮುಂದೆಯೂ ಇವನು ಹೀಗೇ ಇರಬಹುದು... ಕೌಂಟರಿನ ಮಾಲಾಳನ್ನು ಒಳಗೆ ಕಳಿಸಿ ನೋಡಿದಳು. ನಾಡಿ ಅಲುಗಲೇ ಇಲ್ಲ.

ಬಾಯಿ ಸುಳ್ಳು ಹೇಳುತ್ತದೆ. ನಾಡಿಯೂ ಹೇಳುತ್ತದೆಯೇ?

ಕೊನೆಗೆ ಅವಳು ಗಾಜಿನ ಹಿಂದೆ ಬಗ್ಗಿ ಕೂತಳು. ಉಸಿರು ಹಿಡಿಯಲು ಮೈಕಿನಲ್ಲಿ ಪಂಚಪ್ಪನೇ ಹೇಳಿದ. ಚಿತ್ರ ಬಂತು. ಬಲಭಾಗದ ನಾಳ ಎಡಗಡೆಯಿಂದ ಹೊರಟು ಎರಡು ದೊಡ್ಡ ರಕ್ತನಾಳಗಳ ನಡುವೆ ನುಸುಳಿತ್ತು. ಓಡಿದಾಗಲೆಲ್ಲ ಅದು ಒತ್ತಿಹೋಗುತ್ತಿತ್ತು.

ಅವಳು ಚಿತ್ರವನ್ನು ಆಗಲೇ ಡಾಕ್ಟರಿಗೆ ಕಳಿಸಿದಳು. ಈ ಬಡಾಯಿಗಾರ ಇಲ್ಲದೇ ಹೋದರೆ...?

ಆಪರೇಷನ್ ಚೆನ್ನಾಗಿ ಆಯಿತು. ಮೂರು ತಿಂಗಳ ಬಳಿಕ ಅವನು ಮತ್ತೆ ಸ್ಕ್ಯಾನಿಗೆ ಬಂದ. ಈ ಸಲ ಅವಳು ಹೊರಗಿದ್ದಾಗಲೇ ನಾಡಿ ತೊಂಬತ್ತೆಂಟು!

“ಕಾಫಿ?”

ಅವನು ಕಣ್ಣು ತಪ್ಪಿಸಿದ. “ಕುಡಿದೆ. ಎರಡು ಲೋಟ.”

“ಯಾಕ್ರೀ?”

“ಸ್ಕ್ಯಾನ್ ನಾಳೆಗೆ ಹೋಗ್ಲಿ ಅಂತ. ನಾಳೆನೂ ನಿಮ್ಮನ್ನ ನೋಡ್ಬೋದಲ್ಲ.”

ಶಾಂತಲಾ ಅವನ ಮಣಿಕಟ್ಟು ಹಿಡಿದಳು. ಬಿಡಲಿಲ್ಲ. “ಹುಬ್ಬಿನ ಗಾಯ?”

“ಓಡ್ವಾಗ್ಲೇ ಬಿದ್ದಿದ್ದೆ. ಎರಡು ಸಲ. ಮೇಷ್ಟ್ರೇ ಬಿದ್ರು ಅಂದ್ರೆ ಮಕ್ಳು ನಗ್ತಾರೆ ಅಂತ ಮುಚ್ಚಿಟ್ಟೆ.”

“ನಾಳೆ ಕುಡೀದೆ ಬನ್ನಿ. ಸ್ಕ್ಯಾನ್ ಮುಗಿದ್ಮೇಲೆ ಇಬ್ರೂ ಒಟ್ಟಿಗೆ ಕುಡಿಯೋಣ.”

ಬಾಗಿಲ ಬಳಿ ಹೋದವಳು ತಿರುಗಿ ನಿಂತಳು. ಅನುಮಾನ ಇನ್ನೂ ಒಂದು ಉಳಿದಿತ್ತು.

“ಆ ವಿಮಾನ?”

“ಬಸ್ಸು ಕಣ್ರೀ,” ಎಂದ ಅವನು ಮೆಲ್ಲಗೆ. “ಅದೂ ಕೆಟ್ಟು ನಿಂತಿತ್ತು.”