ಮಷೀನು ಮುರಿದ ಮದುವೆ

"ನನ್ನ ಮದುವಿ ರದ್ದು ಮಾಡಿದ್ದು ನಿಮ್ಮ ಮಷೀನೋ, ನೀವೋ? ಅಷ್ಟು ಹೇಳ್ರಿ ಸಾಕು!"

ಹೊಸಪೇಟೆಯ ಆ ಪುಟ್ಟ ಆಫೀಸಿನಲ್ಲಿ ಎಲ್ಲರ ಕೈಯೂ ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು. ಕಂಪ್ಲಿಯ ರೈಸ್‌ಮಿಲ್ ಜಡೆಪ್ಪನ ಮಗಳು ಸೌಜನ್ಯ ಬಾಗಿಲಲ್ಲೇ ನಿಂತಿದ್ದಳು. ನಾಳೆ ಸಂಡೂರಿನಿಂದ ಬೇರೆ ಗಂಡಿನವರು ಅವಳನ್ನು ನೋಡಲು ಬರುವವರಿದ್ದರು. ಇವತ್ತು ಕೇಳದಿದ್ದರೆ ಇನ್ನು ಕೇಳುವ ಹಕ್ಕೂ ಇರುವುದಿಲ್ಲ!

ಸಿದ್ದಲಿಂಗೇಶ್ ಎದ್ದು ನಿಂತ. ಅವಳ ಜೊತೆ ಮದುವೆ ನಿಶ್ಚಯವಾಗಿದ್ದವನು. ಕಲ್ಯಾಣ ಮಂಟಪ, ಅಡುಗೆಯವರು, ಬಸ್ಸು ಎಲ್ಲವನ್ನೂ ಒಂದೇ ಸಲಕ್ಕೆ ಗೊತ್ತುಮಾಡಿಕೊಡುವ ಆ್ಯಪ್ ಕಟ್ಟಿದವನೂ ಅವನೇ. ತನ್ನ ಮದುವೆಯನ್ನೂ ಜಂಬದಿಂದ ಅದಕ್ಕೇ ಒಪ್ಪಿಸಿದ್ದ ಮಹಾರಾಯ!

"ಕುಂದ್ರು, ಸೌಜನ್ಯ..."

"ಕುಂದ್ರಾಕ ಬಂದಿಲ್ರಿ!"

"ಮಷೀನು," ಎಂದ ಅವನು ತಲೆ ತಗ್ಗಿಸಿ. "ಮಂಟಪದವರು ಹೂಂ ಅಂದ್ರು, ಅಡಿಗಿಯವರೂ ಹೂಂ ಅಂದ್ರು. ಬಸ್ಸಿನವರ ಕಂಪ್ಯೂಟರ್ ಕೆಟ್ಟು ಕುಂತಿತ್ತು, ಉತ್ತರಾನೇ ಬರಲಿಲ್ಲ. ಒಂದು ತಪ್ಪಿದ್ರ ಹಿಂದಿನವನ್ನೆಲ್ಲಾ ರದ್ದು ಮಾಡು ಅಂತ ಆ್ಯಪಿನಾಗ ನಾನೇ ಬರೆದಿದ್ದೆ. ಬುಕಿಂಗ್ ನನ್ನ ಹೆಸರಿನಾಗಿತ್ತು. ಅದಕ್ಕ 'ವರನ ಕಡೆಯಿಂದ ಮದುವೆ ರದ್ದು' ಅಂತ ನಿಮ್ಮಪ್ಪಗ ಮೆಸೇಜ್ ಹೋತು."

ಸೌಜನ್ಯಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಊರೆಲ್ಲ ಆಡಿಕೊಂಡಿದ್ದು, ಅಮ್ಮ ಅನ್ನ ನೀರು ಬಿಟ್ಟು ಮಲಗಿದ್ದು... ಎಲ್ಲಾ ಒಂದು ಬಸ್ಸಿಗಾಗಿ!

"ನಮ್ಮ ಮಿಲ್ಲಿಗೆ ಲಾರಿ ಬರಲಿಲ್ಲಂದ್ರ ಭತ್ತಕ್ಕ ಬೆಂಕಿ ಹಚ್ತೀವೇನ್ರಿ? ಇನ್ನೊಮ್ಮೆ ಫೋನ್ ಮಾಡ್ತೀವಿ. ಇಲ್ಲಾಂದ್ರ ಬ್ಯಾರೆ ಲಾರಿ ಕರೀತೀವಿ!"

"ಈಗ ಹಂಗ ಬರ್ದೀನಿ. ಮೊದ್ಲು ಮತ್ತೆ ಕೇಳು, ಆಮ್ಯಾಲೆ ಬ್ಯಾರೆ ಬಸ್ ಹುಡುಕು. ಏನೂ ಆಗಲಿಲ್ಲಂದ್ರ ಮನುಷ್ಯಾರನ್ನ ಕರಿ, ನೀನೇ ರದ್ದು ಮಾಡಬ್ಯಾಡ ಅಂತ."

"ಮಷೀನಿಗೆ ಕಲಿಸಿದ್ರಿ. ನೀವ್ಯಾಕ ಬಂದು ಕೇಳಲಿಲ್ಲ?"

"ಹೊಂಟಿದ್ದೆ. ಅಷ್ಟರಾಗ ನಿಶ್ಚಯದ ಸೀರಿ ವಾಪಸ್ ಬಂತು. ನೀನೇ ಬ್ಯಾಡ ಅಂದಿ ಅಂದ್ಕೊಂಡೆ."

"ಸೀರಿ ಕಳಿಸಿದ್ದು ಅಪ್ಪ, ಮರ್ಯಾದಿ ಹೋತು ಅಂತ. ನನ್ನ ಬಾಯಿಂದ ಬ್ಯಾಡ ಅಂತ ಕೇಳಿದ್ರೇನು?"

ಅವನು ಇಲ್ಲವೆಂದು ತಲೆಯಾಡಿಸಿದ.

'ಇಷ್ಟು ದಿನ ಇವನ ಹೆಸರು ಹಿಡಿದು ಶಪಿಸಿದೆನಲ್ಲ... ನಾನೂ ಒಂದು ಮಾತು ಕೇಳಲಿಲ್ಲವಲ್ಲ!' ಅವಳ ಕಣ್ಣು ತುಂಬಿತು. ಆದರೂ ಸಿಟ್ಟು ಇಳಿಯಲಿಲ್ಲ.

"ತಪ್ಪಾತು, ಸೌಜನ್ಯ. ಈಗ್ಲೇ ಕಂಪ್ಲಿಗೆ ಬರ್ತೀನಿ. ನಿಮ್ಮಪ್ಪ ಹೊಡೆದ್ರೂ ಸೈ, ನೀನೇ ಬೇಕು ಅಂತೀನಿ. ನನ್ನ ಕ್ಷಮಿಸ್ತಿ?"

"ಇಲ್ಲ!"

ಅವನ ಮುಖ ಕಪ್ಪಿಟ್ಟಿತು. ಅವಳು ವೇಲಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ನಡೀರಿ, ಅಪ್ಪ ಮಿಲ್ಲಿನಾಗ ಅದಾರ."

"ಮತ್ತ... ಕ್ಷಮಿಸಲ್ಲ ಅಂದಿ?"

"ಸಿಟ್ಟು ಇನ್ನೂ ಭಾಳ ಐತಿ. ಇಷ್ಟು ಸಿಟ್ಟು ಕಟ್ಕೊಂಡು ಬ್ಯಾರೆಯವರ ಮನಿಗೆ ಹೆಂಗ ಹೋಗ್ಲಿ? ನಿಮ್ಮ ಮನ್ಯಾಗ ಇದ್ದೇ ತೀರಿಸ್ಕೋಬೇಕು."