ಒಂದೇ ಗದ್ದೆ, ಎರಡು ಗೊಬ್ಬರ

"ನಮ್ಮ ಅಂಗಡಿ ಗೊಬ್ಬರ ವಿಷ ಅಂದೋರು ಯಾರ್ರೀ?"

ಮಣ್ಣು ಪರೀಕ್ಷೆಯ ಲ್ಯಾಬಿನ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು ಪುಟ್ಟಿ. ಅಪ್ಪನಿಗೆ ಮಂಡಿನೋವು ಶುರುವಾದಾಗಿನಿಂದ ಮುಖ್ಯರಸ್ತೆಯ ಗೊಬ್ಬರದಂಗಡಿ ಪೂರ್ತಿ ಅವಳದೇ. ಕಲಬೆರಕೆಯ ಒಂದು ಚೀಲವೂ ಆ ಮೆಟ್ಟಿಲು ಇಳಿದಿಲ್ಲ ಎಂಬುದು ಅವಳ ಹೆಮ್ಮೆ. ಒಳಗಿದ್ದವನು ತಬ್ಬಿಬ್ಬಾಗಿ ಎದ್ದುನಿಂತ. ರೈತರೆಲ್ಲ ಅವನನ್ನು ಮಣ್ಣಿನ ಡಾಕ್ಟ್ರು ಎನ್ನುತ್ತಿದ್ದರು.

"ವಿಷ ಗೊಬ್ಬರದಲ್ಲಿಲ್ಲ, ಮಣ್ಣಲ್ಲಿದೆ. ಬೋರ್‌ವೆಲ್ ನೀರಿನ ಜೊತೆ ಬಂದ ಆರ್ಸೆನಿಕ್ ಮಣ್ಣಿಗೆ ಅಂಟಿಕೊಂಡು ಕೂತಿದೆ. ಡಿಎಪಿಯಂಥ ರಂಜಕದ ಗೊಬ್ಬರ ಜಾಸ್ತಿ ಬಿದ್ರೆ ಅದನ್ನ ಎಬ್ಬಿಸಿಬಿಡುತ್ತೆ. ಎದ್ದಿದ್ದು ಅಕ್ಕಿಗೆ ಸೇರುತ್ತೆ."

"ಹಾಗಾದ್ರೆ ಇನ್ನೇನು ಹಾಕ್ಬೇಕು? ಮಂತ್ರಾನಾ?"

"ಸಿಲಿಕಾ ಗೊಬ್ಬರ. ಪೈರು ಸಿಲಿಕಾ ಹೀರ್ಕೊಳ್ಳೋ ಬಾಗಿಲಲ್ಲೇ ಆರ್ಸೆನಿಕ್ಕೂ ನುಗ್ಗೋದು. ಬಾಗಿಲ ತುಂಬ ಸಿಲಿಕಾ ನಿಂತಿದ್ರೆ ಅದಕ್ಕೆ ಜಾಗ ಸಿಗಲ್ಲ."

ಹೇಳುವಾಗ ಅವನ ಕಣ್ಣು ಹೊಳೆಯುತ್ತಿತ್ತು. ಇಷ್ಟು ಚೆಂದದ ಕಣ್ಣು ಸುಳ್ಳು ಹೇಳಲಿಕ್ಕಿಲ್ಲ ಎಂದುಕೊಂಡ ಮರುಗಳಿಗೆಯೇ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಬಾಯಿಮಾತು ಬೇಡ. ನಮ್ಮ ಗದ್ದೆ ಇದೆ, ನಡುವೆ ಬದು ಹಾಕೋಣ. ಅರ್ಧಕ್ಕೆ ನನ್ನ ಗೊಬ್ಬರ, ಅರ್ಧಕ್ಕೆ ನಿಮ್ಮದು. ನೋಡೇಬಿಡೋಣ."

ಪೈರು ಬೆಳೆಯಿತು, ಅವನ ಓಡಾಟವೂ ಬೆಳೆಯಿತು. ಒಮ್ಮೆ ಕೆಸರಿನಲ್ಲಿ ಮೊಣಕಾಲವರೆಗೆ ಹೂತುಕೊಂಡ. ಅವಳು ನಗುತ್ತಲೇ ಕೈಕೊಟ್ಟು ಎಳೆದಳು. ದಡಕ್ಕೆ ಬಂದ ಮೇಲೂ ಆ ಕೈ ಬಿಡಲು ಇಬ್ಬರಿಗೂ ಯಾಕೋ ಮರೆತೇ ಹೋಯಿತು.

"ಈ ಡಾಕ್ಟ್ರು ಮಣ್ಣು ನೋಡೋಕೆ ಬರ್ತಾರೋ, ಮಗಳನ್ನ ನೋಡೋಕೆ ಬರ್ತಾರೋ?" ಎಂದು ಅಪ್ಪ ಕುರ್ಚಿಯಲ್ಲೇ ಗೊಣಗಿದ.

"ಸುಮ್ನಿರಪ್ಪಾ!" ಎಂದ ಪುಟ್ಟಿಯ ಕೆನ್ನೆ ಬಿಸಿಯಾಗಿತ್ತು.

ಕೊಯ್ಲಾಯಿತು. ಎರಡೂ ಕಡೆಯ ಅಕ್ಕಿ ಪರೀಕ್ಷೆಗೆ ಹೋಯಿತು. ಫಲಿತಾಂಶ ಬಂದಾಗ ಅವನು ಅಂಗಡಿಯ ಮುಂದೆ ಸಪ್ಪೆ ಮುಖ ಹಾಕಿಕೊಂಡು ನಿಂತ. ಅವಳ ಕಡೆಯ ಅಕ್ಕಿಯಲ್ಲಿ ಆರ್ಸೆನಿಕ್ ಮಿತಿ ಮೀರಿತ್ತು. ಅವನ ಕಡೆಯದರಲ್ಲಿ ಎಷ್ಟೋ ಕಡಿಮೆ.

"ನಾಳೆ ರೈತರ ಸಭೇಲಿ ಫಲಿತಾಂಶ ಓದ್ಬೇಕು, ಆದ್ರೆ ಗದ್ದೆ ಯಾರದು ಅಂತ ಹೇಳಲ್ಲ. ನಿಮ್ಮ ಅಂಗಡಿ ಹೆಸರೂ ಎತ್ತಲ್ಲ."

"ಕನಿಕರಾನಾ?"

"ಅಯ್ಯೋ, ಅಲ್ಲ..."

"ಅಲ್ಲದಿದ್ರೆ ಮೈಕು ನನಗೆ ಕೊಡಿ."

ಮರುದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವನು ಫಲಿತಾಂಶ ಓದಿ ಮುಗಿಸಿದ ಕೂಡಲೇ ಪುಟ್ಟಿ ಮೈಕು ತೆಗೆದುಕೊಂಡಳು. ಎದುರಿಗಿದ್ದವರೆಲ್ಲ ಅವಳ ಗಿರಾಕಿಗಳೇ. ಆದರೂ ಧ್ವನಿ ನಡುಗಲಿಲ್ಲ.

"ಅದು ನಮ್ಮ ಗದ್ದೆ. ಗೊಬ್ಬರ ನಮ್ಮ ಅಂಗಡೀದು. ನಾನು ಸೋತೆ. ಇನ್ಮೇಲೆ ಮಣ್ಣು ಪರೀಕ್ಷೆ ಮಾಡಿಸದೆ ಬಂದ್ರೆ ರಂಜಕದ ಚೀಲ ಕೊಡಲ್ಲ. ಬೈದ್ರೂ ಕೊಡಲ್ಲ, ಬೇರೆ ಅಂಗಡಿಗೆ ಹೋಗ್ತೀನಿ ಅಂದ್ರೂ ಕೊಡಲ್ಲ. ಇದು ನಮ್ಮ ಮಕ್ಕಳು ಉಣ್ಣೋ ಅನ್ನ."

ಹಿಂದಿನ ಸಾಲಿನ ಅಜ್ಜಿಯೊಬ್ಬಳು ಚಪ್ಪಾಳೆ ತಟ್ಟಿದಳು. "ಹೆತ್ತರೆ ಇಂಥ ಮಗಳನ್ನ ಹೆರಬೇಕು ಕಣ್ರೋ!" ಸಭೆಯೆಲ್ಲ ತಟ್ಟಿತು. ಅಪ್ಪ ಮಂಡಿನೋವನ್ನು ಮರೆತು ಎದ್ದುನಿಂತಿದ್ದ, ಎದೆಯುಬ್ಬಿಸಿ, ತುಂಬಿದ ಕಣ್ಣನ್ನು ಒರೆಸಿಕೊಳ್ಳದೆ.

ಹೊರಗೆ ಬೇವಿನ ಮರದ ಕೆಳಗೆ ಅವನು ಕಾಯುತ್ತಿದ್ದ.

"ಸೋತೆ ಅನ್ನೋದನ್ನ ಇಷ್ಟು ಗತ್ತಿನಿಂದ ಹೇಳಿದೋರನ್ನ ನಾನು ನೋಡೇ ಇಲ್ಲ."

"ನಾನು ಏನು ಹೇಳಿದ್ರೂ ಹಾಗೇ."

"ನಾನೂ ಒಂದು ಮಾತು ಹೇಳ್ಲಾ?" ಅವನ ಕಿವಿ ಕೆಂಪಾಯಿತು. "ನನಗೆ ನೀವು ಬೇಕು. ಜೀವನಪೂರ್ತಿ."

"ಕೇಳಿಸ್ಲಿಲ್ಲ." ಅವಳ ತುಟಿಯಂಚಿನಲ್ಲಿ ನಗು ಇಣುಕಿತು.

"ನನಗೆ ನೀವು ಬೇಕು!"

ಸೈಕಲ್ ತಳ್ಳಿಕೊಂಡು ಹೊರಟಿದ್ದವರು ಅಲ್ಲಲ್ಲೇ ನಿಂತರು. ಬಾಗಿಲಿಂದ ಅಪ್ಪನ ದನಿ ಬಂತು. "ಊರಿಗೆಲ್ಲ ಕೇಳಿಸ್ತು ಕಣಮ್ಮ, ಬೇಗ ಉತ್ತರ ಕೊಡು!"

ಪುಟ್ಟಿ ಎಲ್ಲರೆದುರೇ ಅವನ ಕೈ ಹಿಡಿದುಕೊಂಡಳು.

"ಮೊದಲು ಈ 'ನೀವು' ಬಿಡು," ಎಂದಳು. "ನಡಿ, ಮನೆಗೆ ಹೋಗೋಣ."