ಮೈಸೂರಿನ ಮ್ಯಾಚಿಗೆ ಹೊರಟವರು

ವಾಡಿ ಜಂಕ್ಷನ್ನಿನಲ್ಲಿ ರೈಲು ನಿಂತದ್ದೇ ತಡ, ಯಾರದೋ ಕೈ ಭುವನೇಶ್ವರಿಯ ಬ್ಯಾಗಿಗೆ ಬಂತು.

"ಬಿಡ್ರಿ! ನನಗ ಇಲ್ಲದ್ದು ಒಂದ ಕಾಲು, ಕೈ ಎರಡೂ ಅದಾವ," ಎಂದವಳೇ ಬಗಲಗೋಲು ಊರಿ ತಾನೇ ಹತ್ತಿದಳು.

ಕೈ ಚಾಚಿದ್ದ ಎತ್ತರದ ಹುಡುಗ ಹಿಂದೆಯೇ ಹತ್ತಿ ಅವಳ ಎದುರಿನ ಸೀಟಿನಲ್ಲಿ ಕುಳಿತ. ಪ್ಯಾಂಟು ಮಡಚಿ, ಕೃತಕ ಕಾಲು ಬಿಚ್ಚಿ, ಮೆಲ್ಲಗೆ ಸೀಟಿನ ಕೆಳಗಿಟ್ಟ.

"ಇಂವ ಕಾಶೀನಾಥ, ಮುಧೋಳದಾಂವ. ಗಂಡುಮಕ್ಕಳ ಟೀಮಿಗೆ ಹೊಸದಾಗಿ ಬಂದಾನ," ಎಂದರು ಕೋಚ್ ಶಗುಫ್ತಾ ಮೇಡಂ. ಕುಳಿತು ಆಡುವ ವಾಲಿಬಾಲಿನ ರಾಜ್ಯಮಟ್ಟದ ಪಂದ್ಯಕ್ಕೆ ಎರಡೂ ತಂಡಗಳು ಹೊರಟಿದ್ದವು.

ಭುವನೇಶ್ವರಿಯ ಕಿವಿ ಬಿಸಿಯಾಯಿತು. "ನನಗ ಗೊತ್ತಿರಲಿಲ್ರಿ."

"ಗೊತ್ತಿದ್ರ ಬ್ಯಾಗ್ ಕೊಡ್ತಿದ್ರೇನು?"

"ಇಲ್ಲ."

ಅವನು ನಕ್ಕ. ಅವಳು ಕಿಟಕಿಯ ಕಡೆ ತಿರುಗಿದಳು. ಗಾಜಿನಲ್ಲೂ ಅವನೇ ಕಾಣುತ್ತಿದ್ದ.

ರಾಯಚೂರು ದಾಟಿದ ಮೇಲೆ ಅವನು ಕೇಳಿದ, "ನಿಮ್ಮ ಬಲಗಾಲಿನ ಚಪ್ಪಲಿ ಏನ ಮಾಡ್ತೀರಿ? ಅಂಗಡ್ಯಾಗ ಒಂದ ಕೊಡಂಗಿಲ್ಲಲ್ಲ."

"ಮನಿಯಾಗ ಒಂದ ಡಬ್ಬಿ ತುಂಬ ಅದಾವ. ಎಲ್ಲಾ ಹೊಸಾವ!"

ಚಿತ್ತಾಪುರದಲ್ಲಿ ಅವಳ ಜೆರಾಕ್ಸ್ ಅಂಗಡಿಗೆ ಬರುವವರೆಲ್ಲ ಕಾಲು ಹೇಗೆ ಹೋಯಿತೆಂದೇ ಕೇಳುತ್ತಿದ್ದರು. ಚಪ್ಪಲಿಯ ವಿಷಯ ಇದುವರೆಗೆ ಯಾರೂ ಕೇಳಿರಲಿಲ್ಲ.

ಮೈಸೂರಿನಲ್ಲಿ ಗಂಡಸರ ತಂಡ ಮೊದಲ ಪಂದ್ಯದಲ್ಲೇ ಸೋತಿತು. ಆಮೇಲೆ ಕಾಶೀನಾಥ ಹೆಂಗಸರ ಕೋರ್ಟಿನ ಬದಿಯಲ್ಲೇ ಕುಳಿತುಬಿಟ್ಟ. ಭುವನೇಶ್ವರಿ ನೆಲದ ಮೇಲೆ ಜಾರುತ್ತ, ಬೆರಳ ತುದಿಯಿಂದ ಚೆಂಡನ್ನು ಎತ್ತಿಕೊಡುತ್ತಿದ್ದಳು. ಪ್ರತಿ ಪಾಯಿಂಟಿಗೂ ಅವಳ ಕಣ್ಣು ಅವನತ್ತಲೇ ಓಡುತ್ತಿತ್ತು. ಒಮ್ಮೆ ಚೆಂಡು ನೇರ ಬಂದು ಹಣೆಗೇ ಬಡಿಯಿತು.

"ಭುವನಾ, ಚೆಂಡ್ ಈ ಕಡೀ ಅದ!" ಮೇಡಂ ಕೂಗಿದರು. ಇಡೀ ತಂಡ ನಕ್ಕಿತು. ಕಾಶೀನಾಥ ಮಾತ್ರ ನಗಲಿಲ್ಲ. ತನ್ನ ಹಣೆಯನ್ನೇ ಉಜ್ಜಿಕೊಂಡ.

ಫೈನಲ್ಲಿನಲ್ಲಿ ಹೆಂಗಸರ ತಂಡವೂ ಸೋತಿತು. ಆದರೆ ಚೆನ್ನೈನ ರಾಷ್ಟ್ರೀಯ ಕ್ಯಾಂಪಿಗೆ ಅವಳೊಬ್ಬಳ ಹೆಸರು ಬಂತು. ಮರುದಿನ ಬೆಳಿಗ್ಗೆಯೇ ಬಸ್ಸು.

ಬಸ್ ಸ್ಟ್ಯಾಂಡಿಗೆ ಕಾಶೀನಾಥನೂ ಬಂದ. ಇಬ್ಬರೂ ಚಹಾದ ಕಪ್ಪು ಹಿಡಿದು ಬೆಂಚಿನ ಮೇಲೆ ಕುಳಿತರು.

"ಊರಿಗಿ ಹೋದ್ಮ್ಯಾಲ ಹುಡುಗಿ ನೋಡ್ಲಿಕ್ಕ ಹೋಗೋದದ. ಅವ್ವ ಮಾತು ಕೊಟ್ಟಾಳ," ಎಂದ ಅವನು.

ಅವಳು ಕಪ್ಪು ಕೆಳಗಿಟ್ಟಳು. "ಆಕಿಗಿ ಎರಡೂ ಕಾಲು ಅದಾವೇನು?"

"ಅದಾವ. ಮನಿಯಾಗ ನೀರು ಹೊತ್ತು ತರ್ಲಿಕ್ಕ ಒಬ್ಬರರೆ ಬೇಕು ಅಂತಾಳ ಅವ್ವ."

ಕೊಡ ಹೊತ್ತು ನಡೆಯುವುದು ಅವಳಿಗೆ ಸಾಧ್ಯವಿರಲಿಲ್ಲ. ಅದನ್ನು ಅವನೂ ಬಲ್ಲ. ಸುಮ್ಮನೆ ಬಸ್ಸು ಹತ್ತಿಬಿಡಬೇಕು ಅಂದುಕೊಂಡಳು. ಬಗಲಗೋಲು ಕೈಗೆ ತೆಗೆದುಕೊಂಡು ಮತ್ತೆ ಪಕ್ಕಕ್ಕಿಟ್ಟಳು.

"ಹುಡುಗಿ ನೋಡ್ಲಿಕ್ಕ ನಾ ಹೋಗಲ್ಯಾ?" ಅವನು ಕೇಳಿದ.

"ಹೋಗಬ್ಯಾಡ್ರಿ," ಅಂದಳು ಅವಳು. ಅಂದ ಮೇಲೆ ತಲೆ ಎತ್ತಲಿಲ್ಲ.

ಕಾಶೀನಾಥ ಅಲ್ಲೇ ಫೋನ್ ತೆಗೆದ. "ಯವ್ವಾ, ಆ ಮನಿಯವ್ರಿಗಿ ಬರಂಗಿಲ್ಲಂತ ಹೇಳು. ನಾನ ಹುಡುಗಿ ನೋಡೀನಿ. ಚಿತ್ತಾಪುರದಾಕಿ... ಇಲ್ಲವ್ವ, ಆಕಿಗೂ ಒಂದ ಕಾಲು."

ಫೋನಿನಿಂದ ತಾಯಿಯ ದನಿ ಭುವನೇಶ್ವರಿಗೂ ಕೇಳಿಸಿತು. "ನೀರು ಯಾರು ತರ್ತಾರೋ?"

"ನಾ ತರ್ತೀನಿ."

ಫೋನ್ ಕಟ್ಟಾಯಿತು. ಕಂಡಕ್ಟರ್ ಸೀಟಿ ಊದಿದ. ಭುವನೇಶ್ವರಿ ಬಸ್ಸು ಹತ್ತಿ ಕುಳಿತಳು. ಕಾಶೀನಾಥ ಕಿಟಕಿಯ ಕೆಳಗೆ ಬಂದು ನಿಂತ. "ಅವ್ವನ ಸಿಟ್ಟು ಇಳೀಲಿಕ್ಕ ಒಂದ ತಿಂಗಳರೆ ಬೇಕು."

"ನನ್ನ ಕ್ಯಾಂಪೂ ಒಂದ ತಿಂಗಳ ಅದ," ಅಂದಳು. ಅವನ ಬೆರಳು ಕಿಟಕಿಯ ಸರಳಿನ ಮೇಲಿತ್ತು. ಅದರ ಮೇಲೆ ತನ್ನ ಬೆರಳಿಟ್ಟಳು.

ಬಸ್ಸು ಹೊರಟಿತು. ಕ್ಯಾಂಪಿಗಾಗಿ ಎಷ್ಟೋ ವರ್ಷ ಕಾದವಳಿಗೆ ಈಗ ಆ ಒಂದು ತಿಂಗಳೇ ಮುಗಿಯದಷ್ಟು ಉದ್ದವೆನಿಸಿತು.